ಕಾಕಾನ ಸದ್ದುಗಳಿಗೆ ಹೆಸರಿಟ್ಟ ಬೇಸಿಗೆ

"ಅಪ್ಪಾ ದಿನಾ ಕಂಪ್ಯೂಟರ್ ಮುಂದ ಕೂಡ್ತಾರ ಅಕ್ಕಾ. ಏನೋ ಹುಡುಕ್ತಾರ, ಸಿಗಂಗಿಲ್ಲ. ಬಂದ್ ಮಾಡಿ ಎದ್ದು ಹೋಗ್ತಾರ. ನೀವು ಒಮ್ಮೆ ಬಂದು ಎಲ್ಲಾ ಬರೋಬರ್ ಜೋಡಿಸಿ ಕೊಡ್ರಿ."

ಫೋನಿನಲ್ಲಿ ಹೀಗೆ ಕೇಳಿದವಳು ಪ್ರತಾಪ ನಗರದ ಒಂದು ಕನ್ನಡ ಮನೆಯ ಮಗಳು. ನನ್ನ ಗಂಡನಿಗೆ ರೈಲ್ವೆಯಲ್ಲಿ ನಾಗಪುರಕ್ಕೆ ವರ್ಗವಾದ ಮೇಲೆ ನಾನು ಮಾಡಿಕೊಂಡು ಬಂದಿರುವ ಕೆಲಸವೇ ಇದು. ಜನರ ಕಂಪ್ಯೂಟರುಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಫೋಟೊ, ಕಾಗದಪತ್ರ, ವಿಡಿಯೊಗಳನ್ನು ವಿಂಗಡಿಸಿ, ಬೇಕೆಂದಾಗ ಕೈಗೆ ಸಿಗುವಂತೆ ಇಟ್ಟುಕೊಡುತ್ತೇನೆ. ಧಾರವಾಡದಲ್ಲಿದ್ದಾಗ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡಿದ್ದರಿಂದ ವಿಂಗಡಿಸುವುದು ನನಗೆ ಹೊಸದಲ್ಲ. ಬಿಸಿಲು ಏರುವ ಮೊದಲೇ ತಲುಪೋಣವೆಂದು ಬೆಳಿಗ್ಗೆಯೇ ಹೊರಟೆ.

ಅವಳ ಅಪ್ಪ ವಿಜಯಪುರದ ಕಡೆಯವರು. ನಾನು ಅವರನ್ನು ಕಾಕಾ ಎಂದೂ ಅವರ ಹೆಂಡತಿಯನ್ನು ಕಾಕು ಎಂದೂ ಕರೆಯುತ್ತಿದ್ದೆ. ಕಾಕಾ ನಾಗಪುರದ ಹತ್ತಿರದ ಖಾಪರಖೇಡಾದ ಕ್ವಾರ್ಟರ್ಸಿನಲ್ಲಿ ಬಹಳ ವರ್ಷ ಇದ್ದವರು, ವಿದ್ಯುತ್ ಕೇಂದ್ರದ ಎಂಜಿನಿಯರ್. ಕೊನೆಯ ವರ್ಷಗಳಲ್ಲಿ ಹೊಸದಾಗಿ ಬಂದ ಆಪರೇಟರುಗಳಿಗೆ ಪಾಠ ಹೇಳುತ್ತಿದ್ದರು. ನಿವೃತ್ತರಾದ ಮೇಲೆ ಲಕ್ವ ಹೊಡೆಯಿತು. ಬಲಗೈ ನಿಧಾನವಾಗಿ ಸರಿಹೋಯಿತು, ಮಾತು ಸರಿಹೋಗಲಿಲ್ಲ. ಎದುರಿಗಿರುವ ವಸ್ತು ಏನೆಂದು ಅವರಿಗೆ ಚೆನ್ನಾಗಿ ಗೊತ್ತು. ಹೆಸರು ಮಾತ್ರ ಬರುವುದಿಲ್ಲ. ಬಂದರೂ ಅದರ ಜಾಗದಲ್ಲಿ ಇನ್ನಾವುದೋ ಮಾತು ಬರುತ್ತದೆ, ಅದೂ ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ. ಚಮಚ ಬೇಕಾದಾಗ ಬಾಚಣಿಗೆ ಕೇಳುತ್ತಾರೆ. ಕೇಳಿದ ಮೇಲೆ ತಪ್ಪಾಯಿತೆಂದು ಅವರಿಗೇ ತಿಳಿಯುತ್ತದೆ, ಮುಖ ಸಣ್ಣದಾಗುತ್ತದೆ. ಮಾತಿನ ಅಭ್ಯಾಸ ಮಾಡಿಸುತ್ತಿದ್ದ ವೈದ್ಯೆ, ಅವರಿಗೆ ಇಷ್ಟವಾದ ಕೆಲಸದಲ್ಲೇ ಅವರನ್ನು ತೊಡಗಿಸಿ ಎಂದು ಮಗಳಿಗೆ ಹೇಳಿದ್ದರು.

ಇಷ್ಟವಾದ ಕೆಲಸ ಯಾವುದೆಂದು ಕಂಪ್ಯೂಟರ್ ತೆರೆದಾಗ ತಿಳಿಯಿತು. ಅದರ ತುಂಬ ಸದ್ದುಗಳಿದ್ದವು. ಓಡುವ ಪಂಪು, ತಿರುಗುವ ಫ್ಯಾನು, ಕಲ್ಲಿದ್ದಲು ಪುಡಿಮಾಡುವ ಮಿಲ್ಲು, ಸೋರುವ ಹಬೆ. ಚೆನ್ನಾಗಿರುವ ಯಂತ್ರ ಹೇಗೆ ಸದ್ದು ಮಾಡುತ್ತದೆ, ಕೆಡಲು ಶುರುವಾದದ್ದು ಹೇಗೆ ಸದ್ದು ಮಾಡುತ್ತದೆ ಎಂದು ಕಿವಿಯಿಂದಲೇ ಕಲಿಸಲು ಕಾಕಾ ಎಷ್ಟೋ ವರ್ಷಗಳಿಂದ ರೆಕಾರ್ಡ್ ಮಾಡಿಟ್ಟದ್ದು. ಅಪ್ಪಣೆ ಪಡೆದು ಬೇರೆ ಊರುಗಳ ಕಾರ್ಖಾನೆಗಳಿಗೂ ಹೋಗಿ ತಂದಿದ್ದರು. ಎಲ್ಲವೂ ಒಂದೇ ದೊಡ್ಡ ಫೋಲ್ಡರಿನಲ್ಲಿ ರಾಶಿಯಾಗಿ ಬಿದ್ದಿದ್ದವು. ಇಂಗ್ಲಿಷಿನ ತುಂಡು ಅಕ್ಷರಗಳೂ ತಾರೀಖುಗಳೂ ಅವುಗಳ ಹೆಸರು.

ನಾನು ಮೊದಲು ಮಾಡಿದ್ದು ಯಾರಾದರೂ ಮಾಡುವ ಕೆಲಸವನ್ನೇ. ಇಡೀ ರಾಶಿಯ ಒಂದು ಪ್ರತಿಯನ್ನು ನನ್ನದೇ ಬೇರೆ ಡಿಸ್ಕಿನಲ್ಲಿ ಇಟ್ಟುಕೊಂಡು, ಯಂತ್ರಕ್ಕೊಂದು ಫೋಲ್ಡರ್ ಮಾಡಿದೆ. ಅದರೊಳಗೆ ಬಿಡಿಭಾಗಕ್ಕೊಂದು, ಅದರೊಳಗೆ ಚೆನ್ನಾಗಿರುವುದು, ಕೆಟ್ಟಿರುವುದು ಎಂದು ಎರಡು. ಹೆಚ್ಚಿನವನ್ನು ಕಾಕಾನ ಹಳೆಯ ಪಾಠದ ಟಿಪ್ಪಣಿ ನೋಡಿ ಹೊಂದಿಸಿದೆ. ನೋಡಲು ಚೊಕ್ಕಟವಾಗಿತ್ತು. ಕಾಕಾನನ್ನು ಕರೆದು ಕೂರಿಸಿದೆ. ಅವರು ಒಂದು ಫೋಲ್ಡರ್ ತೆರೆದರು, ಒಳಗಿನ ಇನ್ನೊಂದು ತೆರೆದರು, ಮತ್ತೆ ಹಿಂದಕ್ಕೆ ಬಂದರು, ಬೇರೆಯದನ್ನು ತೆರೆದರು. ಒಂದೊಂದು ಬಾಗಿಲ ಮೇಲೂ ಒಂದೊಂದು ಹೆಸರು ಓದಿ ಒಳಗೆ ಹೋಗಬೇಕು, ಅವರ ಬಳಿ ಇಲ್ಲದ್ದು ಆ ಹೆಸರುಗಳೇ. ಮೌಸನ್ನು ಮೇಜಿನ ಆಚೆ ತಳ್ಳಿ ಎದ್ದುಹೋದರು.

ಕಾಕು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಮೊದಲಿನ ಕಸದಾಗ ಅವರಿಗೆ ದಾರೀನರ ಗೊತ್ತಿತ್ತವಾ," ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಅದು ನಿಜವೂ ಆಗಿತ್ತು. ಆ ರಾಶಿಯಲ್ಲಿ ಮೇಲಿನದು ಯಾವುದು, ಕೆಳಗಿನದು ಯಾವುದು ಎಂಬ ಅಂದಾಜಿನಿಂದ ಅವರಿಗೆ ಕೆಲವಾದರೂ ಸಿಗುತ್ತಿದ್ದವು. ನಾನು ಇಟ್ಟುಕೊಂಡಿದ್ದ ಪ್ರತಿಯಿಂದ ಎಲ್ಲವನ್ನೂ ಅಂದೇ ಮೊದಲಿನಂತೆ ಮಾಡಿದೆ.

ಫೋಲ್ಡರ್ ಮಾಡುವಾಗಲೇ ನನ್ನನ್ನು ಗೊಂದಲಕ್ಕೆ ಹಾಕಿದ ಒಂದು ಫೈಲಿತ್ತು. ಅದರ ಹೆಸರಿನಲ್ಲಿ ಇತವಾರಿ ಎಂದು ನಾಗಪುರದ ಹಳೆಯ ಪೇಟೆಯ ಹೆಸರಿತ್ತು. ಒಳಗೆ ಜನರ ಗಲಾಟೆ, ಟೆಂಪೊಗಳ ಹಾರ್ನ್, ಅದರ ನಡುವೆ ಒಂದು ಕಿರುಗುಟ್ಟುವ ಸದ್ದು. ಯಂತ್ರಗಳ ನಡುವೆ ಸಂತೆಯ ಸದ್ದು ಯಾಕೆ ಎಂದು ಕಾಕುವನ್ನು ಕೇಳಿದೆ. ಅವರು ನಕ್ಕುಬಿಟ್ಟರು. "ತೊಗರಿಬ್ಯಾಳಿ ತರ್ರಿ ಅಂತ ಕಳಿಸಿದ್ದೆ. ಬ್ಯಾಳಿ ಬಿಟ್ಟು ಕೈಗಾಡಿ ಸಪ್ಪಳಾ ತಂದ್ರು." ಗ್ರೀಸ್ ಇಲ್ಲದ ಅಚ್ಚು ಹೇಗೆ ಕೂಗುತ್ತದೆ ಎಂದು ತೋರಿಸಲು ಕಾಕಾ ಪಾಠವನ್ನು ಆ ಕೈಗಾಡಿಯಿಂದಲೇ ಶುರು ಮಾಡುತ್ತಿದ್ದರಂತೆ. ಈಗ ಇದನ್ನು ಎಲ್ಲಿಡುವುದು? ಸಂತೆಯಲ್ಲೋ, ಬೇರಿಂಗಿನಲ್ಲೋ, ಪಾಠದ ಮೊದಲ ದಿನದಲ್ಲೋ? ಮೂರು ಕಡೆ ಮೂರು ಪ್ರತಿ ಇಟ್ಟರೆ, ಒಂದನ್ನು ತಿದ್ದಿದಾಗ ಇನ್ನೆರಡು ಹಳೆಯವಾಗಿಯೇ ಉಳಿಯುತ್ತವೆ.

ಗ್ರಂಥಾಲಯದಲ್ಲೂ ಪುಸ್ತಕ ಒಂದೇ ಕಪಾಟಿನಲ್ಲಿ ಇರಬೇಕು, ಆದರೆ ಅದಕ್ಕೆ ಸೂಚಿಯ ಕಾರ್ಡುಗಳನ್ನು ಎಷ್ಟು ಬೇಕಾದರೂ ಬರೆಯಬಹುದು. ಕಂಪ್ಯೂಟರಿನಲ್ಲಿ ಆ ಕಾರ್ಡಿನ ಕೆಲಸ ಮಾಡುವುದು ಟ್ಯಾಗು. ಫೈಲು ಇದ್ದಲ್ಲೇ ಇರುತ್ತದೆ, ಅದಕ್ಕೆ ನಾಲ್ಕಾರು ಚೀಟಿ ಅಂಟಿಸುತ್ತೇವೆ. ಯಾವ ಚೀಟಿಯನ್ನು ಒತ್ತಿದರೂ ಅದು ಎದುರಿಗೆ ಬರುತ್ತದೆ, ಎರಡನ್ನು ಒಟ್ಟಿಗೆ ಒತ್ತಿದರೆ ಎರಡೂ ಇರುವವು ಮಾತ್ರ ಉಳಿಯುತ್ತವೆ. ಮಗಳಿಗೆ ಇದನ್ನು ವಿವರಿಸಿ, ಪುಕ್ಕಟೆ ಸಿಗುವ ಒಂದು ತಂತ್ರಾಂಶ ಹಾಕಿದೆ. ಪರದೆಯ ಎಡಗಡೆ ಟ್ಯಾಗುಗಳ ಸಾಲು, ಬಲಗಡೆ ಫೈಲುಗಳು.

ಟ್ಯಾಗುಗಳ ಮಾತುಗಳನ್ನು ನಾನೇ ಆರಿಸಿದೆ. ಒಂದು ವಸ್ತುವಿಗೆ ಒಂದೇ ಮಾತು, ಒಂದೇ ಕಾಗುಣಿತ, ಎಲ್ಲೂ ತಪ್ಪಬಾರದು ಎಂಬುದು ಗ್ರಂಥಾಲಯದಲ್ಲಿ ಕಲಿತ ಶಿಸ್ತು. ಪಂಪ್, ಫ್ಯಾನ್, ಮಿಲ್, ಬೇರಿಂಗ್, ಗೇರ್, ಹಬೆ, ಸೋರಿಕೆ. ಕಾಕಾ ಬಂದು ಕೂತರು. ಒಂದು ಸದ್ದು ಕೇಳಿಸಿ, ಇದು ಯಾವುದು ಒತ್ತಿರಿ ಎಂದೆ. ಪಂಪಿನ ಸದ್ದು ಕೇಳಿ ಫ್ಯಾನ್ ಒತ್ತಿದರು. ಅಲ್ಲ ಕಾಕಾ, ಇದು ಪಂಪು ಎಂದೆ. ಅವರಿಗೂ ಗೊತ್ತಿತ್ತು, ಎರಡು ಕೈಯನ್ನೂ ಅಲ್ಲಾಡಿಸಿ ನೀರು ಹರಿಯುವುದನ್ನು ತೋರಿಸಿದರು. ಮತ್ತೊಂದಕ್ಕೂ ಹಾಗೇ ಆಯಿತು. ಮಿಲ್ಲಿನ ಸದ್ದು ಕೇಳಿ, "ಅಜ್ಜಿ, ಅಜ್ಜಿ," ಎಂದರು. ನಾನು ಮಿಲ್ ಎಂದು ತಿದ್ದಿದೆ. ಮೂರನೆಯ ಬೆಳಿಗ್ಗೆ ಹೋದಾಗ ಅವರು ಆ ಕೋಣೆಗೇ ಬರಲಿಲ್ಲ. ಹೊರಗೆ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಾ ಕೂತಿದ್ದರು.

ಮಗಳು ನನ್ನನ್ನು ಅಡುಗೆಮನೆಗೆ ಕರೆದು, ಇದನ್ನು ಇಲ್ಲಿಗೇ ಬಿಡೋಣ ಎಂದಳು. ಅವಳ ಮೇಲೆ ನನಗೆ ಬೇಸರವಾಗಲಿಲ್ಲ. ಬ್ಯಾಂಕಿನ ಕೆಲಸ ಮುಗಿಸಿ ಬಂದು ಅಪ್ಪನ ಜೊತೆ ಅಭ್ಯಾಸಕ್ಕೆ ಕೂರುತ್ತಿದ್ದವಳು ಅವಳು. ಚಿತ್ರ ತೋರಿಸಿ ಹೆಸರು ಕೇಳಿ, ಅವರು ಸೋಲುವುದನ್ನು ದಿನಾ ನೋಡುತ್ತಿದ್ದಳು. ನಾನು ಮಾಡಿದ್ದೂ ಇನ್ನೊಂದು ಪರೀಕ್ಷೆಯೇ ಆಗಿತ್ತು. ಆ ವಾರದ ಕೊನೆಗೆ ನನ್ನ ಡಿಸ್ಕನ್ನು ತೆಗೆದುಕೊಂಡು ಹೋಗಲು ಬರುತ್ತೇನೆ ಎಂದು ಹೇಳಿ ಹೊರಟೆ.

ಡಿಸ್ಕು ತರಲು ಹೋದದ್ದು ಒಂದು ಮಧ್ಯಾಹ್ನ. ನಾಗಪುರದ ಆ ಬಿಸಿಲಿನಲ್ಲಿ ಬಂದವಳನ್ನು ಕಾಕು ಹಾಗೇ ಕಳಿಸಲು ಒಪ್ಪಲಿಲ್ಲ, ಮಜ್ಜಿಗೆ ಕೊಟ್ಟು ಕೂಲರಿನ ಮುಂದೆ ಕೂರಿಸಿದರು. ಕಾಕಾ ಮಂಚದ ಮೇಲೆ ಒರಗಿದ್ದರು. ಮಾತಾಡುತ್ತಾ ಕೂತಿದ್ದಾಗ ಅವರು ತಟ್ಟನೆ ಎದ್ದು ಕೂತು, "ಹಸಿವು," ಎಂದರು.

ಕಾಕು ಆಶ್ಚರ್ಯಪಟ್ಟರು. ಊಟವಾಗಿ ಸ್ವಲ್ಪ ಹೊತ್ತಷ್ಟೇ ಆಗಿತ್ತು. ಆದರೂ ಒಳಗೆ ಹೋಗಿ ತಟ್ಟೆಯಲ್ಲಿ ಒಂದು ರೊಟ್ಟಿ, ಪಲ್ಯ ತಂದರು. ಕಾಕಾ ತಟ್ಟೆಯನ್ನು ದೂರ ಸರಿಸಿ, "ಹಸಿವು, ಹಸಿವು," ಎಂದು ಕೂಲರಿನ ಕಡೆ ಕೈ ತೋರಿಸಿದರು. ನಾವಿಬ್ಬರೂ ಅರ್ಥವಾಗದೆ ನೋಡಿದೆವು. ಅವರೇ ಎದ್ದು ಗೋಡೆ ಹಿಡಿದು ನಡೆದು ಕೂಲರಿನ ಪಕ್ಕದ ಮುಚ್ಚಳ ತೆಗೆದರು. ತೊಟ್ಟಿಯಲ್ಲಿ ನೀರು ಮುಗಿಯುತ್ತಾ ಬಂದಿತ್ತು. ಒಳಗಿನ ಪುಟ್ಟ ಪಂಪು ನೀರಿನ ಜೊತೆ ಗಾಳಿ ಎಳೆಯುತ್ತಾ ಗೊರಗೊರ ಎನ್ನುತ್ತಿತ್ತು. ನಮ್ಮ ಮಾತಿನ ನಡುವೆ ನಮಗದು ಕೇಳಿಸಿಯೇ ಇರಲಿಲ್ಲ.

ಕಾಕು ಬಕೆಟ್ಟಿನಿಂದ ನೀರು ಸುರಿದರು. ಸದ್ದು ನಿಂತಿತು. ಕಾಕಾ ಮಂಚಕ್ಕೆ ಮರಳಿ, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ರೊಟ್ಟಿ ಮುರಿದರು. ಬಂದದ್ದನ್ನು ಯಾಕೆ ಬಿಡಬೇಕು ಎಂಬಂತೆ.

ನಾನು ಕಂಪ್ಯೂಟರಿನ ಕೋಣೆಗೆ ಹೋದೆ. ಅವರ ಪಾಠದ ಟಿಪ್ಪಣಿಯಲ್ಲಿ, ಎಳೆಯಲು ಸಾಕಷ್ಟು ನೀರು ಸಿಗದ ಪಂಪಿನ ಬಗ್ಗೆ ಒಂದು ಪಾಠವಿದ್ದದ್ದು ನೆನಪಿತ್ತು. ಅದಕ್ಕೆ ಸೇರಿದ ಫೈಲನ್ನು ಹುಡುಕಿ, ಸದ್ದು ಏರಿಸಿ ಹಾಕಿದೆ. ದೊಡ್ಡ ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂಥ ಸದ್ದು. ಪಕ್ಕದ ಕೋಣೆಯಿಂದ ಕಾಕಾನ ಧ್ವನಿ ಬಂತು, ಯಾರೂ ಕೇಳದೆಯೇ, ತಡವರಿಸದೆಯೇ: "ಹಸಿವು."

ಡಿಸ್ಕನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ನಾನು ಆರಿಸಿದ ಟ್ಯಾಗುಗಳನ್ನೆಲ್ಲ ಅಳಿಸಿಹಾಕುವುದು, ಕಾಕಾನ ಬಾಯಿಂದ ಏನು ಬರುತ್ತದೋ ಅದನ್ನೇ ಟ್ಯಾಗು ಮಾಡುವುದು ಎಂದು ದಾರಿಯಲ್ಲೇ ನಿರ್ಧರಿಸಿದ್ದೆ. ಸರಿಯೋ ತಪ್ಪೋ ನೋಡುವುದಿಲ್ಲ. ಹುಡುಕಬೇಕಾದವರು ಅವರು. ಹುಡುಕುವವರ ತಲೆಯಲ್ಲಿ ಬರುವ ಮಾತೇ ಚೀಟಿಯ ಮೇಲೆ ಇರಬೇಕು. ಮಗಳಿಗೆ ಫೋನ್ ಮಾಡಿ ಇನ್ನಷ್ಟು ದಿನ ಕೊಡು ಎಂದೆ. "ಅವರಿಗೆ ತ್ರಾಸ್ ಆಗಬಾರ್ದು, ಅಷ್ಟೇ," ಎಂದಳು.

ಮರುದಿನದಿಂದ ಕ್ರಮ ಬದಲಾಯಿತು. ನಾನು ಸದ್ದು ಹಾಕುತ್ತಿದ್ದೆ, ಏನೂ ಕೇಳುತ್ತಿರಲಿಲ್ಲ. ಕಾಕಾ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮಾತು ಬಂದರೆ ಬರೆಯುತ್ತಿದ್ದೆ, ಬಾರದಿದ್ದರೆ ಮುಂದಿನದಕ್ಕೆ ಹೋಗುತ್ತಿದ್ದೆ. ಸೋರುವ ಹಬೆ ನೆಗಡಿಯಾಯಿತು. ಹಲ್ಲು ಸವೆದ ಗೇರುಗಳು ಜಗಳವಾದವು. ಮಿಲ್ಲು ಅಜ್ಜಿಯಾಗಿಯೇ ಉಳಿಯಿತು. ಕೆಲವು ಮಾತುಗಳಿಗೂ ಸದ್ದಿಗೂ ಏನು ಸಂಬಂಧವೋ ಇವತ್ತಿಗೂ ನನಗೆ ತಿಳಿಯದು. ಒಂದು ಫ್ಯಾನಿಗೆ ಅವರು ಶನಿವಾರ ಎಂದರು. ಹಾಗೇ ಬರೆದೆ.

ಒಂದು ತೊಡಕು ಬೇಗನೆ ಕಾಣಿಸಿತು. ಇವತ್ತು ಅಜ್ಜಿ ಎಂದದ್ದು ಎರಡು ದಿನ ಬಿಟ್ಟು ಬೀಸುಕಲ್ಲು ಆಗುತ್ತಿತ್ತು, ಇನ್ನೊಮ್ಮೆ ಬೀಸುಕಲ್ಲಿಗೇ ಮರಾಠಿಯಲ್ಲಿ ಹೇಳುವ ಜಾತೇ ಆಗುತ್ತಿತ್ತು. ಫೋಲ್ಡರ್ ಆಗಿದ್ದರೆ ಇಲ್ಲೇ ಕೈ ಚೆಲ್ಲಬೇಕಿತ್ತು. ಟ್ಯಾಗಾದ್ದರಿಂದ ಮೂರನ್ನೂ ಅಂಟಿಸಿದೆ. ಯಾವ ದಿನ ಯಾವ ಮಾತು ಬಂದರೂ ಆ ಮಿಲ್ಲು ಸಿಗಬೇಕು. ಒಂದು ವಸ್ತುವಿಗೆ ಒಂದೇ ಮಾತು ಎಂಬ ನನ್ನ ಶಿಸ್ತನ್ನು ಮುರಿಯುವಾಗ ಕೈ ಸ್ವಲ್ಪ ಹಿಂಜರಿಯಿತು. ಆದರೆ ಅವರು ಮೊದಲ ಸಲ ತಾವೇ ಎಡಗಡೆಯ ಸಾಲಿನಲ್ಲಿ ಬೆರಳಿಟ್ಟು ಹುಡುಕಿ, ಬೀಸುಕಲ್ಲು ಒತ್ತಿ, ಮಿಲ್ಲು ಗುಡುಗಿದಾಗ ನನ್ನ ಕಡೆ ತಿರುಗಿ ನೋಡಿದ ಮುಖವನ್ನು ಕಂಡ ಮೇಲೆ ಮತ್ತೆ ಹಿಂಜರಿಯಲಿಲ್ಲ.

ಟ್ಯಾಗುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೆ, ಯಾಕೆಂದರೆ ಇಂಗ್ಲಿಷಿಗಿಂತ ಸಣ್ಣಂದಿನಲ್ಲಿ ಕಲಿತ ಅಕ್ಷರ ಕಾಕಾನಿಗೆ ಬೇಗ ಹತ್ತುತ್ತಿತ್ತು. ನಾಗಪುರದ ಕಡೆಯೇ ಹುಟ್ಟಿ ಬೆಳೆದ ಮಗಳಿಗೆ ಕನ್ನಡ ಓದಲು ಸರಿಯಾಗಿ ಬರುತ್ತಿರಲಿಲ್ಲ. ಸಂಜೆ ಅಪ್ಪನ ಪಕ್ಕ ಕೂತು ಅವಳು ಅಕ್ಷರ ಕೂಡಿಸಿ ಓದುತ್ತಿದ್ದಳು, "ನೆ, ಗ, ಡಿ." ಅವಳು ತಪ್ಪಿದರೆ ಕಾಕಾ ಹಬೆಯ ಸದ್ದು ಒತ್ತಿ ಕೇಳಿಸುತ್ತಿದ್ದರು. ಅಪ್ಪನಿಗೆ ಹೆಸರು ಕೇಳುವ ಆಟ ಆ ಮನೆಯಲ್ಲಿ ಹಾಗೆ ನಿಂತಿತು.

ಅಷ್ಟರಲ್ಲಿ ಮಾತಿನ ವೈದ್ಯೆ ಒಂದಿಷ್ಟು ಸದ್ದುಗಳನ್ನು ತಮ್ಮಲ್ಲಿಗೆ ತರಲು ಹೇಳಿದರು. ಮಗಳು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋದಳು. ಅಲ್ಲಿ ತೆರೆದರೆ ಒಂದು ಟ್ಯಾಗೂ ಇಲ್ಲ. ಹಳೆಯ ತುಂಡು ಅಕ್ಷರ, ತಾರೀಖುಗಳು ಮಾತ್ರ. ಕಾಕಾ ಪರದೆಯ ಎಡಗಡೆ ಬೆರಳಾಡಿಸಿ ಹುಡುಕಿದರಂತೆ. ಎಲ್ಲ ಅಳಿಸಿಹೋಯಿತು ಎಂದೇ ಅವರು ತಿಳಿದಿದ್ದರು.

ಅಳಿಸಿಹೋಗಿರಲಿಲ್ಲ. ಆ ತಂತ್ರಾಂಶ ಚೀಟಿಗಳನ್ನು ಫೈಲಿನ ಒಳಗೆ ಇಡುತ್ತಿರಲಿಲ್ಲ. ಅವರ ಕಂಪ್ಯೂಟರಿನ ಡಿಸ್ಕಿನಲ್ಲಿ ಬೇರೆಯೇ ಜಾಗದಲ್ಲಿ ಬರೆದಿಡುತ್ತಿತ್ತು. ಪೆನ್ ಡ್ರೈವಿಗೆ ಹೋದದ್ದು ಫೈಲು ಮಾತ್ರ, ಚೀಟಿ ಮನೆಯಲ್ಲೇ ಉಳಿಯಿತು. ಇಂದಲ್ಲ ನಾಳೆ ಆ ಕಂಪ್ಯೂಟರ್ ಕೆಡುತ್ತದೆ, ಹೊಸದು ಬರುತ್ತದೆ. ಆಗ ಕಾಕಾನ ಮಾತುಗಳೆಲ್ಲ ಹಳೆಯ ಡಿಸ್ಕಿನ ಜೊತೆ ಹೋಗುತ್ತವೆ. ಹಾಗಾಗಬಾರದು ಎಂದರೆ ಚೀಟಿ ಫೈಲಿಗೇ ಹೊಲಿದುಕೊಂಡಿರಬೇಕು. ಹೆಚ್ಚಿನ ಫೈಲುಗಳು ಹಳೆಯ ಬಗೆಯವು, ಒಳಗೆ ಬರೆದರೆ ಎಲ್ಲ ಯಂತ್ರಗಳೂ ಓದುವುದಿಲ್ಲ. ಯಾವ ಯಂತ್ರವಾದರೂ ಓದಲೇಬೇಕಾದದ್ದು ಫೈಲಿನ ಹೆಸರು. ಹೆಸರಿನ ಕೊನೆಯಲ್ಲಿ ಚೌಕ ಕಂಸದೊಳಗೆ ಟ್ಯಾಗುಗಳನ್ನು ಬರೆಯುವುದೆಂದು ತೀರ್ಮಾನಿಸಿದೆ. ಟ್ಯಾಗುಗಳನ್ನು ಒಂದು ಕೋಷ್ಟಕಕ್ಕೆ ಇಳಿಸಿಕೊಂಡು, ಅದನ್ನು ನೋಡಿ ಹೆಸರು ಬದಲಿಸುವ ಒಂದು ಸಣ್ಣ ಪ್ರೋಗ್ರಾಮ್ ಬರೆದು, ಮೊದಲು ಬೆರಳೆಣಿಕೆಯ ಪ್ರತಿಗಳ ಮೇಲೆ ಓಡಿಸಿ ನೋಡಿದೆ. ಸರಿಯಾಯಿತು. ಆಮೇಲೆ ಎಲ್ಲಕ್ಕೂ ಓಡಿಸಿ, ಪರದೆಯ ಎಡಗಡೆಯ ಸಾಲು ಆ ಕಂಸಗಳಿಂದಲೇ ಟ್ಯಾಗು ಎತ್ತಿಕೊಳ್ಳುವಂತೆ ಮಾಡಿದೆ.

ಮಗಳ ಫೋನಿಗೆ ಹಾಕಲು ಹೋದಾಗ ಕೆಲವು ಫೈಲುಗಳನ್ನು ಅದು ಒಳಗೆ ಬಿಡಲಿಲ್ಲ. ಹೆಸರು ಉದ್ದವಾಯಿತು ಎಂದಿತು. ನಮ್ಮ ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ಒತ್ತಕ್ಷರ ಯಂತ್ರಕ್ಕೆ ಹಲವು ತುಂಡು. ಒಂದೊಂದು ತುಂಡೂ ಇಂಗ್ಲಿಷ್ ಅಕ್ಷರಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಹಾಗಾಗಿ ಕನ್ನಡದ ಹೆಸರು ಬೇಗ ತುಂಬಿಹೋಗುತ್ತದೆ. ಕೆಲವು ಮಾತುಗಳನ್ನು ಬಿಡಲೇಬೇಕಿತ್ತು. ಯಾವುದನ್ನು ಬಿಡುವುದೆಂದು ನಾನು ಕಾಕಾನನ್ನೇ ಕೇಳಿದೆ. ಅವರು ಒಂದೊಂದನ್ನೂ ನೋಡಿ, ಬೇಡವಾದದ್ದರ ಮೇಲೆ ಬೆರಳಿಟ್ಟು ತಲೆಯಾಡಿಸುತ್ತಾ ಹೋದರು. ಬಹಳ ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಅದು ಎಂದು ಕಾಣುತ್ತಿತ್ತು. ಶನಿವಾರದ ಮೇಲೆ ಬೆರಳಿಟ್ಟು ಯೋಚಿಸಿ, ನಕ್ಕು, ಇರಲಿ ಎಂದು ಸನ್ನೆ ಮಾಡಿದರು.

ಈ ಕೆಲಸದ ಸುದ್ದಿ ಕಾಕಾನ ಕೈಕೆಳಗೆ ಕಲಿತ ಒಬ್ಬರಿಗೆ ತಲುಪಿತು. ಈಗ ಅವರೇ ಹೊಸ ಆಪರೇಟರುಗಳಿಗೆ ಪಾಠ ಹೇಳುವವರು, ಮರಾಠಿ ಮನುಷ್ಯ. ಮನೆಗೆ ಬಂದು ನೋಡಿ, ತಮ್ಮ ನಾಲ್ಕೈದು ವಿದ್ಯಾರ್ಥಿಗಳನ್ನು ಒಂದು ಭಾನುವಾರ ಕರೆತರಲೇ, ಸರ್ ಅವರಿಗೆ ಸದ್ದು ಕೇಳಿಸಲಿ ಎಂದು ಕೇಳಿದರು. ಮಗಳು ಕೂಡಲೇ ಬೇಡ ಎಂದಳು. ಅವಳು ಸಣ್ಣವಳಿದ್ದಾಗ ಅಪ್ಪ ತುಂಬಿದ ಕೋಣೆಯಲ್ಲಿ ಮಾತಾಡುವುದನ್ನು ಕಂಡವಳು. ಗೊತ್ತಿಲ್ಲದ ಹುಡುಗರ ಎದುರು ಅದೇ ಅಪ್ಪ ಮಾತಿಗೆ ತಡಕಾಡುವುದನ್ನು ನೋಡಲು ಅವಳಿಗೆ ಮನಸ್ಸಿರಲಿಲ್ಲ. ಹೋದವರು ಹೊರಗೆ ಏನು ಹೇಳಿಕೊಳ್ಳುತ್ತಾರೋ ಎಂಬ ಹೆದರಿಕೆಯೂ ಇತ್ತು. ನನಗೂ ಅವಳ ಮಾತು ಸರಿಯೆಂದೇ ಅನಿಸಿತು.

ಕಾಕು ಮಾತ್ರ ಬೇರೆ ಹೇಳಿದರು. "ಅವರು ನಿಮ್ಮಪ್ಪ ಮಾತಾಡೂದು ಕೇಳಾಕ ಬರೂದಿಲ್ಲ. ಮಶೀನ್ ಮಾತಾಡೂದು ಕೇಳಾಕ ಬರ್ತಾರ. ಬರ್ಲಿ ಬಿಡು." ಆಮೇಲೆ ಗಂಡನ ಕಡೆ ತಿರುಗಿ ಕೇಳಿದರು, "ಏನಂತೀರಿ?" ಕಾಕಾ ಎದ್ದು ಹೋಗಿ, ಕಂಪ್ಯೂಟರಿನ ಸ್ಪೀಕರುಗಳ ಮೇಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸತೊಡಗಿದರು.

ಆ ಭಾನುವಾರ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ, ಕಂಪ್ಯೂಟರನ್ನು ಅಲ್ಲಿಗೆ ತಂದು, ಸ್ಪೀಕರುಗಳನ್ನು ಎತ್ತರದಲ್ಲಿಟ್ಟೆವು. ಸದ್ದು ಸರಿಯಾಗಿ ಕೇಳಲೆಂದು ಕೂಲರ್ ಬಂದ್ ಮಾಡಿದ್ದರಿಂದ ಎಲ್ಲರೂ ಬೆವರುತ್ತಿದ್ದರು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ನಮಸ್ಕಾರ ಎಂಬ ಮಾತು ಬಾರದೆ ಕೈ ಮುಗಿದರು. ಪಕ್ಕದಲ್ಲಿ ನಾನಿದ್ದೆ, ಏನಾದರೂ ಕೆಟ್ಟರೆ ನೋಡಿಕೊಳ್ಳಲು. ಕೆಡಲಿಲ್ಲ. ಅವರು ಎಡಗಡೆಯ ಸಾಲಿನಿಂದ ಒಂದು ಮಾತು ಒತ್ತಿ ಚೆನ್ನಾಗಿರುವ ಯಂತ್ರ ಕೇಳಿಸಿದರು, ಇನ್ನೊಂದು ಒತ್ತಿ ಕೆಟ್ಟದ್ದು ಕೇಳಿಸಿದರು, ಮತ್ತೆ ಮೊದಲನೆಯದು. ಮಾತು ಬೇಕಾದಲ್ಲಿ ಅವರ ಹಳೆಯ ಶಿಷ್ಯ ಎರಡು ಸಾಲು ಹಿಂದಿಯಲ್ಲಿ ಸೇರಿಸಿದರು. ಹುಡುಗರು ಮೊದಲು ಟ್ಯಾಗುಗಳ ಅರ್ಥ ಕೇಳಿ ನಗು ತಡೆದುಕೊಂಡರು, ಆಮೇಲೆ ತಾವೇ ಜಗಳ ಯಾವುದು, ನೆಗಡಿ ಯಾವುದು ಎಂದು ಬೆರಳು ಎತ್ತಲು ಶುರು ಮಾಡಿದರು. ಬಾಗಿಲ ಬಳಿ ನಿಂತಿದ್ದ ಮಗಳು ಯಾವಾಗಲೋ ಬಂದು ಚಾಪೆಯ ಮೇಲೆ ಕೂತಿದ್ದಳು.

ಮುಗಿಯುವ ಹೊತ್ತಿಗೆ ಆ ವಿದ್ಯಾರ್ಥಿಗಳಲ್ಲಿ ಒಬ್ಬ ಹುಡುಗಿ ತನ್ನ ಫೋನು ಮುಂದೆ ಹಿಡಿದಳು. ಅಪ್ಪಣೆ ಪಡೆದು ರೆಕಾರ್ಡ್ ಮಾಡಿದ್ದು ಎಂದಳು. ಕಲ್ಲಿದ್ದಲು ಸಾಗಿಸುವ ಬೆಲ್ಟಿನ ಕೆಳಗಿನ ಉರುಳೆಯೊಂದರ ಸದ್ದಂತೆ, ಅದು ಕೆಟ್ಟಿದೆಯೋ ಇಲ್ಲವೋ ಅವಳಿಗೆ ತಿಳಿದಿರಲಿಲ್ಲ. ನಾನು ಅದನ್ನು ಕಂಪ್ಯೂಟರಿಗೆ ತೆಗೆದುಕೊಂಡು ಸ್ಪೀಕರಿನಲ್ಲಿ ಹಾಕಿದೆ. ಕಾಕಾ ಕೇಳಿದರು. ಇನ್ನೊಮ್ಮೆ ಹಾಕಲು ಸನ್ನೆ ಮಾಡಿದರು. ತುಟಿ ಅಲುಗಾಡಿತು, ಮಾತು ಬರಲಿಲ್ಲ. ಮತ್ತೆ ಪ್ರಯತ್ನಿಸಿದರು. ಬರಲಿಲ್ಲ. ಮಗಳು ತಲೆ ತಗ್ಗಿಸಿದಳು.

ಆಗ ಕಾಕಾ ಆ ಹುಡುಗಿಯ ಕಡೆ ಕೈ ತೋರಿಸಿದರು. ಹಿಂದಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. "ತೂ... ನಾಮ್... ಬತಾ." ಹೆಸರು ನೀನು ಹೇಳು ಎಂದು.

ಅವಳು ಹಿಂಜರಿದಳು. ತನ್ನ ಶಿಕ್ಷಕರ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಪೈಂಜಣ, ಸರ್," ಎಂದಳು. ಕಾಲ್ಗೆಜ್ಜೆ. ಯಾರೋ ನಡೆದು ಬಂದ ಹಾಗೆ, ಸುತ್ತಿಗೊಮ್ಮೆ ಝಣ್ ಎನ್ನುತ್ತದೆ ಎಂದು ಮರಾಠಿಯಲ್ಲಿ ವಿವರಿಸಿದಳು.

ಕಾಕಾ ಕಣ್ಣು ಮುಚ್ಚಿ ಮತ್ತೊಮ್ಮೆ ಕೇಳಿದರು. ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕಿದರು. ಒಂದು ಸುತ್ತು, ಒಂದು ಝಣ್. ಉರುಳೆ ಕೆಡತೊಡಗಿದೆ ಎಂದು ಅವರ ಹಳೆಯ ಶಿಷ್ಯ ತಲೆಯಾಡಿಸಿದರು. "ಬರೋಬರ್," ಎಂದರು. ನನಗೆ, "ಬರೀರಿ," ಎಂದರು.

ನಾನು ಕಂಸ ತೆರೆದು ಬರೆದೆ. ನೀವೂ ಒಂದು ಮಾತು ಸೇರಿಸುತ್ತೀರಾ ಕಾಕಾ, ಜಾಗ ಇದೆ ಎಂದು ಕೇಳಿದೆ. ಅವರು ಪರದೆಯ ಮೇಲಿನ ಆ ಒಂದೇ ಮಾತನ್ನು ನೋಡಿ, ಬೇಡವೆಂದು ತಲೆಯಾಡಿಸಿದರು. ನಂತರ ತಮ್ಮ ಕುರ್ಚಿಯನ್ನು ಸರಿಸಿ, ಸ್ಪೀಕರಿನ ಹತ್ತಿರ ಆ ಹುಡುಗಿಗೆ ಜಾಗ ಮಾಡಿಕೊಟ್ಟರು.